ಮಾತ್ರೆಗೆ ಬಗ್ಗದ ಎದೆಯುರಿ

ಊಟಕ್ಕೆ ಕೂತವರಲ್ಲಿ ಒಬ್ಬರು ಯಾವಾಗಲೂ ಕೊನೆಗೆ ಏಳುತ್ತಾರೆ. ನಿಮ್ಮ ಮನೆಯಲ್ಲೂ ಅಂಥವರಿದ್ದಾರೆಯೆ? ಸ್ವಲ್ಪ ಯೋಚಿಸಿ ನೋಡಿ. ಎಲ್ಲರೂ ಮಜ್ಜಿಗೆ ಅನ್ನಕ್ಕೆ ಬಂದಿರುವಾಗ ಅವರಿನ್ನೂ ಮೊದಲನೆಯ ಚಪಾತಿಯನ್ನೇ ಚೂರು ಚೂರು ಮಾಡಿ ಸಾರಿನಲ್ಲಿ ನೆನೆಸುತ್ತಿರುತ್ತಾರೆ. ತುತ್ತಿಗೊಂದು ಗುಟುಕು ನೀರು ಬೇಕು. ತಟ್ಟೆ ಎತ್ತಲು ಕಾದು ಕಾದು ಸಾಕಾಗಿ, “ಎಷ್ಟು ಹೊತ್ತೋ ನಿನ್ನ ಊಟ, ಬೇಗ ಮುಗಿಸಬಾರದೆ?” ಎಂದು ನೀವು ರೇಗುತ್ತೀರಿ. ಅವರೇನೂ ಹೇಳುವುದಿಲ್ಲ. ಇನ್ನೊಂದು ಗುಟುಕು ನೀರು ಕುಡಿಯುತ್ತಾರೆ.

ಇಂಥವರ ಜೇಬಿನಲ್ಲೋ, ದೇವರ ಮನೆಯ ಪಕ್ಕದ ಗೂಡಿನಲ್ಲೋ ‘ಗ್ಯಾಸ್ಟ್ರಿಕ್ ಮಾತ್ರೆ’ಯ ಶೀಟು ಇರುತ್ತದೆಯೆ? ಮಾತ್ರೆ ನುಂಗಿ ನುಂಗಿ ತಿಂಗಳುಗಳೇ ಆದರೂ ಎದೆಯುರಿ ಹೋಗಿಲ್ಲವೆ? ಹಾಗಾದರೆ ಇವತ್ತು ಒಲೆಯ ಮೇಲಿನ ಸಾರು ಕುದಿಯುವ ಹೊತ್ತಿನಲ್ಲಿ ಈ ನಾಲ್ಕು ಪುಟ ಓದಿಬಿಡಿ. ಎದೆಯುರಿಯ ಮಾತ್ರೆ ನಾಟದಿರುವುದು, ತುತ್ತು ಸಲೀಸಾಗಿ ಇಳಿಯದಿರುವುದು, ಇವೆರಡೂ ಜೊತೆಗೂಡಿದಾಗ ಅದನ್ನು ಬರೀ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು.

ಬೀಗರ ಊಟದ ದಿನ

ನನಗೊಬ್ಬ ಗೆಳತಿ ಇದ್ದಾಳೆ. ನನಗಿಂತ ಚಿಕ್ಕವಳು, ‘ಅಕ್ಕ’ ಎಂದೇ ಕರೆಯುತ್ತಾಳೆ. ಹೆಸರು ಬೇಡ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವಳ ಹಿರಿಯ ಮಗನಿಗೆ ಇಪ್ಪತ್ತಾರು ವರ್ಷ. ಕಾಲೇಜಿಗೆ ಹೋಗುತ್ತಿದ್ದಾಗಿನಿಂದಲೂ ಅವನಿಗೆ ಎದೆಯುರಿ, ಎದೆಯ ನಡುವೆ ಏನೋ ಕೂತ ಹಾಗೆ. ಊರಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಸ್ವಲ್ಪ ಕಡಿಮೆಯಾದಂತೆ ಕಂಡಿತು, ಪೂರಾ ಹೋಗಲಿಲ್ಲ. ಬೇರೆ ಹೆಸರಿನ ಮಾತ್ರೆ ಬಂತು. ಬೆಳಿಗ್ಗೆ ಒಂದಿದ್ದದ್ದು ರಾತ್ರಿಗೂ ಒಂದಾಯಿತು. ಹೀಗೆ ನಾಲ್ಕು ವರ್ಷ ಕಳೆಯಿತು.

ಮಾತು ಕೇಳಬೇಕಾದವಳು ಮಾತ್ರ ತಾಯಿ! ಅತ್ತೆ, “ನಿನ್ನ ಕೈ ಖಾರ ಜಾಸ್ತಿ ಕಣಮ್ಮಾ, ಹುಡುಗನ ಹೊಟ್ಟೆ ಸುಟ್ಟುಹಾಕಿದೀಯ” ಎಂದರು. ಗಂಡ, “ಹುಳಿ ಕಡಿಮೆ ಮಾಡೇ” ಎಂದರು. ಅವಳು ಮೆಣಸಿನಕಾಯಿ ಬಿಟ್ಟಳು, ಹುಣಸೆಹಣ್ಣು ಬಿಟ್ಟಳು, ಕಡೆಗೆ ಸಾರಿಗೆ ಒಗ್ಗರಣೆ ಹಾಕುವುದನ್ನೂ ಬಿಟ್ಟಳು. ಮನೆಮಂದಿಯೆಲ್ಲ ಸಪ್ಪೆ ಊಟ ಮಾಡಿದರು. ಉರಿ ಆರಲಿ ಎಂದು ದಿನಾ ರಾತ್ರಿ ಮಲಗುವ ಮುಂಚೆ ಮಗನಿಗೆ ಒಂದು ದೊಡ್ಡ ಲೋಟ ತಣ್ಣನೆಯ ಹಾಲು ಕೊಡುತ್ತಿದ್ದಳು. ಈ ಹಾಲಿನ ಲೋಟವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅದರ ಮಾತು ಮುಂದೆ ಬರುತ್ತದೆ.

ಮಗಳ ಮದುವೆಯಾಗಿ ಬೀಗರ ಊಟ ನಡೆಯುತ್ತಿತ್ತು. ಮನೆಯಲ್ಲಿ ನಿಧಾನವಾಗಿ ತಿನ್ನುವ ಹುಡುಗ ಅಂದು ಪಂಕ್ತಿಯಲ್ಲಿ ಎಲ್ಲರ ಸಮಕ್ಕೆ ತಿನ್ನಲು ಹೋದ. ಮಾಂಸದ ತುಂಡೊಂದು ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದರೆ ನೀರೂ ವಾಪಸು ಬಂತು. ಉಗುಳು ನುಂಗಲೂ ಆಗದೆ ಬಾಯಿಗೆ ಕರ್ಚೀಫು ಹಿಡಿದು ಕೂತ. ಉಸಿರಾಟಕ್ಕೆ ತೊಂದರೆ ಇರಲಿಲ್ಲ, ಮಾತನಾಡುತ್ತಿದ್ದ. ಒಬ್ಬರು “ಬಾಳೆಹಣ್ಣು ನುಂಗಿಸಿ” ಎಂದರು, ಇನ್ನೊಬ್ಬರು “ಅನ್ನದ ಉಂಡೆ ಕೊಡಿ, ತಳ್ಳಿಕೊಂಡು ಹೋಗುತ್ತೆ” ಎಂದರು. ಪುಣ್ಯಕ್ಕೆ ನೆಂಟರಲ್ಲಿ ನರ್ಸ್ ಕೆಲಸದ ಹುಡುಗಿಯೊಬ್ಬಳಿದ್ದಳು. “ಏನೂ ಕೊಡಬೇಡಿ, ಮೊದಲು ಆಸ್ಪತ್ರೆಗೆ ಹೊರಡಿ” ಎಂದಳು.

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಎಂಡೋಸ್ಕೊಪಿ ಮಾಡಿ ತುಂಡನ್ನು ತೆಗೆದರು. ಆದರೆ ಆ ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಈ ವಯಸ್ಸಿನ ಹುಡುಗನಿಗೆ ತುತ್ತು ಏಕೆ ಸಿಕ್ಕಿಕೊಳ್ಳಬೇಕು ಎಂದು ಅನ್ನನಾಳದ ಒಳಪದರದಿಂದ ಆರು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ಒಂದು ಉದ್ದನೆಯ ಹೆಸರು ಬಂತು: ಇಯೊಸಿನೊಫಿಲಿಕ್ ಈಸೊಫೇಜೈಟಿಸ್.

“ಆ ಹೆಸರು ನನ್ನ ಬಾಯಿಗೇ ಬರಲ್ಲ ಅಕ್ಕಾ. ಆದರೆ ಡಾಕ್ಟರು ‘ಇದು ನಿಮ್ಮ ಖಾರದಿಂದ ಬಂದದ್ದಲ್ಲಮ್ಮ’ ಅಂದರು ನೋಡಿ, ಅಲ್ಲೇ ಅತ್ತುಬಿಟ್ಟೆ” ಎಂದು ಗೆಳತಿ ಹೇಳಿದಳು.

ಎದೆಯುರಿ ಎಂದರೇನು?

ಮೊದಲು ಸಾಮಾನ್ಯ ಎದೆಯುರಿಯನ್ನು ತಿಳಿದುಕೊಳ್ಳೋಣ. ಬಾಯಿಂದ ಜಠರಕ್ಕೆ ಹೋಗುವ ಕೊಳವೆಯೇ ಅನ್ನನಾಳ. ದೊಡ್ಡವರಲ್ಲಿ ಅದರ ಉದ್ದ ಸುಮಾರು 25 ಸೆಂಟಿಮೀಟರು. ಅದರ ಕೆಳತುದಿಯಲ್ಲಿ ಚೀಲದ ಬಾಯಿಗೆ ದಾರ ಎಳೆದಂತೆ ಬಿಗಿದುಕೊಳ್ಳುವ ಸ್ನಾಯುವಿದೆ. ಆ ಬಿಗಿ ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ನುಗ್ಗಿ ಎದೆಯುರಿ, ಹುಳಿತೇಗು ಬರುತ್ತವೆ. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳು ಜಠರದಲ್ಲಿ ಆಮ್ಲ ಹುಟ್ಟುವುದನ್ನೇ ತಗ್ಗಿಸುತ್ತವೆ. ಬಹಳ ಜನಕ್ಕೆ ಇದರಿಂದ ಗುಣ ಕಾಣುತ್ತದೆ.

ಕಾಣದಿದ್ದರೆ? ಮೊದಲು ಮಾತ್ರೆ ತೆಗೆದುಕೊಳ್ಳುವ ಕ್ರಮ ಸರಿಯಾಗಿದೆಯೇ ನೋಡಿ. ಈ ಮಾತ್ರೆಗಳನ್ನು ಸಾಮಾನ್ಯವಾಗಿ ಊಟ-ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು. ನಮ್ಮಲ್ಲಿ ಎಷ್ಟೋ ಜನ ಊಟವಾದ ಮೇಲೆ ಉರಿ ಬಂದಾಗ ನುಂಗುತ್ತಾರೆ. ಹಾಗೆ ಮಾಡಿದರೆ ಅರ್ಧ ಗುಣ ಅಲ್ಲೇ ಹೋಯಿತು. ರಾತ್ರಿ ಹನ್ನೊಂದಕ್ಕೆ ಉಂಡು ಹನ್ನೊಂದೂಕಾಲಿಗೆ ಮಲಗುವುದು, ಬೀಡಿ-ಸಿಗರೇಟು, ಹೊಗೆಸೊಪ್ಪು, ಮೈ ತೂಕ, ಇವೂ ಕಾರಣವಾಗುತ್ತವೆ.

ಇದೆಲ್ಲ ಸರಿಪಡಿಸಿ, ಡಾಕ್ಟರು ಹೇಳಿದಂತೆಯೇ ಎಂಟು ವಾರ ಮಾತ್ರೆ ತೆಗೆದುಕೊಂಡೂ ತೊಂದರೆ ಹಾಗೇ ಇದ್ದರೆ, ಮಾತ್ರೆಯ ಹೆಸರು ಬದಲಾಯಿಸುತ್ತಾ ಹೋಗಬಾರದು. ಕಾಯಿಲೆಯ ಹೆಸರೇ ಬೇರೆ ಇರಬಹುದೇ ಎಂದು ಕೇಳಬೇಕು.

ಬರಬಾರದ ಜಾಗಕ್ಕೆ ಬಂದ ಕಣಗಳು

ರಕ್ತ ಪರೀಕ್ಷೆಯ ಚೀಟಿಯಲ್ಲಿ ‘ಇಯೊಸಿನೊಫಿಲ್’ ಎಂಬ ಸಾಲನ್ನು ನೀವು ನೋಡಿರುತ್ತೀರಿ. “ಇಸ್ನೋಫಿಲಿಯಾ ಜಾಸ್ತಿಯಾಗಿದೆ, ಅದಕ್ಕೇ ಕೆಮ್ಮು” ಎಂಬ ಮಾತು ನಮ್ಮ ಊರುಗಳಲ್ಲಿ ಹಳೆಯದು. ಇದು ಬಿಳಿ ರಕ್ತಕಣದ ಒಂದು ಬಗೆ. ಇಯೊಸಿನ್ ಎಂಬ ಕೆಂಬಣ್ಣವನ್ನು ಇದು ಚೆನ್ನಾಗಿ ಹೀರಿಕೊಳ್ಳುವುದನ್ನು ಕಂಡು ಜರ್ಮನಿಯ ಪೌಲ್ ಎರ್ಲಿಖ್ ಎಂಬ ವಿಜ್ಞಾನಿ 1879ರಲ್ಲಿ ಆ ಬಣ್ಣದ ಮೇಲೆಯೇ ಹೆಸರಿಟ್ಟ. ಹೊಟ್ಟೆಹುಳುವಿನ ವಿರುದ್ಧ ಹೋರಾಡುವುದು ಇದರ ಒಂದು ಕೆಲಸ. ಮೈಗೆ ಒಗ್ಗದ್ದೇನಾದರೂ ಬಂದಾಗ ಎದ್ದು ನಿಲ್ಲುವ, ಅಂದರೆ ಅಲರ್ಜಿಯ, ಗುಂಪಿನಲ್ಲೂ ಇದು ಇರುತ್ತದೆ.

ಜಠರದಲ್ಲಿ, ಕರುಳಿನಲ್ಲಿ ಈ ಕಣಗಳು ಇರುವುದು ಸಹಜ. ಆದರೆ ಆರೋಗ್ಯವಾಗಿರುವ ಅನ್ನನಾಳದಲ್ಲಿ ಇವಕ್ಕೆ ಜಾಗವಿಲ್ಲ. ಕೆಲವರಲ್ಲಿ ಯಾವುದೋ ಆಹಾರ ಒಗ್ಗದೆ ಇವು ಅನ್ನನಾಳದ ಗೋಡೆಗೆ ಬಂದು ಗುಂಪುಗೂಡುತ್ತವೆ. ಗೋಡೆ ಬಾತುಕೊಳ್ಳುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಗಾಯ ಮಾಗಿದ ಚರ್ಮದ ಹಾಗೆ ಗಡುಸಾಗಿ, ಕೊಳವೆ ಕಿರಿದಾಗುತ್ತದೆ. ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುವ ಹೊಸ ಪೈಪು ಹೇಗೆ ಬಾಗುತ್ತದೆ, ಬಿಸಿಲಿಗೆ ಬಿದ್ದ ಹಳೆಯ ಪೈಪು ಹೇಗೆ ಸೆಟೆದುಕೊಳ್ಳುತ್ತದೆ, ನೋಡಿದ್ದೀರಲ್ಲ? ಹಾಗೆ.

ಇದು ವೈದ್ಯರಿಗೂ ಬಹಳ ಹಳೆಯ ಪರಿಚಯವಲ್ಲ. 1993ರಲ್ಲಿ ಸ್ಟೀಫನ್ ಆಟ್‌ವುಡ್ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ನುಂಗಲು ಕಷ್ಟಪಡುತ್ತಿದ್ದ 12 ಮಂದಿಯ ವಿವರ ಪ್ರಕಟಿಸಿ, ಇದು ಆಮ್ಲದ ಕಾಯಿಲೆಯಲ್ಲ, ಬೇರೆಯದೇ ಎಂದು ತೋರಿಸಿದರು. ಮರುವರ್ಷ ಸ್ವಿಟ್ಜರ್‌ಲೆಂಡಿನ ಅಲೆಕ್ಸ್ ಸ್ಟ್ರೌಮನ್ ಅಂಥದೇ ರೋಗಿಗಳನ್ನು ವಿವರಿಸಿದರು. 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಎದೆಯುರಿಯ ಚಿಕಿತ್ಸೆಗೆ ಬಗ್ಗದ 10 ಮಕ್ಕಳಿಗೆ ಸಾಮಾನ್ಯ ಆಹಾರ ನಿಲ್ಲಿಸಿ, ಅಲರ್ಜಿ ಹುಟ್ಟಿಸದ ಹಾಗೆ ತಯಾರಿಸಿದ ವಿಶೇಷ ಆಹಾರ ಕೊಟ್ಟರು. 8 ಮಕ್ಕಳ ತೊಂದರೆ ಪೂರಾ ಹೋಯಿತು, ಉಳಿದಿಬ್ಬರಿಗೆ ಎಷ್ಟೋ ಸುಧಾರಿಸಿತು. ಮೂಲ ಇರುವುದು ಊಟದಲ್ಲಿ ಎಂಬುದು ಆಗ ಗೊತ್ತಾಯಿತು.

ಹೆದರಬೇಡಿ, ಆದರೆ ತಡ ಮಾಡಬೇಡಿ

ಎದೆಯುರಿ ಇದ್ದವರಿಗೆಲ್ಲ ಇದೇ ಇರುತ್ತದೆ ಎಂದು ಮಾತ್ರ ತಿಳಿಯಬೇಡಿ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಎದೆಯುರಿಯ ತೊಂದರೆಯಿಂದ ಬಂದವರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಈ ಕಾಯಿಲೆ ಕಂಡಿತು. ಮೊದಲಿನಿಂದ ಅಲರ್ಜಿ ಇದ್ದವರಲ್ಲಿ, ಆಮ್ಲದ ಮಾತ್ರೆ ನಾಟದವರಲ್ಲಿ ಇದರ ಸಂಭವ ಹೆಚ್ಚು. ಇದು ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚಾಗಿ ಕಾಣುತ್ತದೆ. ಮಕ್ಕಳಿಗೂ ಬರಬಹುದು. ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ.

ಆದರೂ ತಡ ಮಾಡಬಾರದು ಎಂದೇಕೆ ಹೇಳುತ್ತೇನೆ? ಸ್ವಿಟ್ಜರ್‌ಲೆಂಡಿನಲ್ಲಿ 200 ರೋಗಿಗಳ ವಿವರ ನೋಡಿ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಕಾಯಿಲೆ ಪತ್ತೆಯಾದವರಲ್ಲಿ ನೂರಕ್ಕೆ 17 ಜನರ ಅನ್ನನಾಳ ಕಿರಿದಾಗಿತ್ತು. ಇಪ್ಪತ್ತು ವರ್ಷ ಮೀರಿದ ಮೇಲೆ ಪತ್ತೆಯಾದವರಲ್ಲಿ ಅದು ನೂರಕ್ಕೆ 71. “ಏನೋ ಗ್ಯಾಸ್ಟ್ರಿಕ್, ಹೋಗುತ್ತೆ ಬಿಡಿ” ಎಂದು ದೂಡಿದ ಪ್ರತಿ ವರ್ಷಕ್ಕೂ ಬೆಲೆ ಇದೆ.

ಮೊದಲು ಗೊತ್ತಾಗುವುದು ಬಡಿಸುವವರಿಗೆ

ಈ ಕಾಯಿಲೆಯ ಒಂದು ವಿಚಿತ್ರವೆಂದರೆ ರೋಗಿ ಅದಕ್ಕೆ ಹೊಂದಿಕೊಂಡುಬಿಡುತ್ತಾನೆ. ಡಾಕ್ಟರು “ನುಂಗಲು ಕಷ್ಟವೇ?” ಎಂದು ಕೇಳಿದರೆ “ಇಲ್ಲ” ಎನ್ನುತ್ತಾನೆ. ಅವನ ಪ್ರಕಾರ ಅದು ಸುಳ್ಳಲ್ಲ. ಕಷ್ಟವಾಗುವುದನ್ನೆಲ್ಲ ತಿನ್ನುವುದನ್ನೇ ಬಿಟ್ಟಿರುತ್ತಾನೆ! ಆದರೆ ಎರಡು ಹೊತ್ತು ಬಡಿಸುವ ನಿಮಗೆ ಅದು ಕಾಣುತ್ತದೆ. ಒಂದು ವಾರ ಸುಮ್ಮನೆ ಗಮನಿಸಿ:

ತುತ್ತು ತುತ್ತಿಗೂ ನೀರು ಕುಡಿಯುತ್ತಾರೆಯೆ?

ಚಪಾತಿ, ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸದೆ ತಿನ್ನಲಾರರೆ? ಮೊದಲು ಮುದ್ದೆ ನುಂಗುತ್ತಿದ್ದವರು ಈಗ “ಬೇಡ, ಇಳಿಯಲ್ಲ” ಎನ್ನುತ್ತಾರೆಯೆ?

ಮಾಂಸದ ತುಂಡು, ಗಟ್ಟಿ ಬ್ರೆಡ್ಡು, ಉದುರು ಅನ್ನ ಕಂಡರೆ ಪಕ್ಕಕ್ಕೆ ಸರಿಸುತ್ತಾರೆಯೆ?

ಎಲ್ಲರಿಗಿಂತ ಬಹಳ ಹೊತ್ತು ಅಗಿಯುತ್ತಾರೆಯೆ? ಮದುವೆ-ಮುಂಜಿಯ ಪಂಕ್ತಿ ಊಟಕ್ಕೆ, ಹೋಟೆಲಿಗೆ ಹೋಗಲು ನೆಪ ಹೇಳುತ್ತಾರೆಯೆ?

ದೊಡ್ಡ ಮಾತ್ರೆಯನ್ನು ಪುಡಿ ಮಾಡಿಯೇ ನುಂಗುತ್ತಾರೆಯೆ?

ಇವುಗಳ ಜೊತೆ ಉಬ್ಬಸ, ಬೆಳಗಾದರೆ ಸಾಲು ಸೀನು, ಚರ್ಮದ ಕಡಿತ-ಇಸುಬು ಅವರಿಗೋ ಮನೆತನದಲ್ಲೋ ಇದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಚಿಕ್ಕ ಮಕ್ಕಳು ‘ಇಳಿಯಲ್ಲ’ ಎಂದು ಹೇಳಲಾರರು. ಪದೇ ಪದೇ ವಾಂತಿ, ಹೊಟ್ಟೆನೋವು, ಊಟ ಕಂಡರೆ ಮುಖ ತಿರುಗಿಸುವುದು, ಮೈ ಹತ್ತದಿರುವುದು, ಹೀಗೆ ಅದು ಹೊರಬೀಳುತ್ತದೆ. ಎಲ್ಲ ಹಟವೂ ಹಟವಲ್ಲ, ತಾಯಂದಿರೇ.

ಡಾಕ್ಟರ ಹತ್ತಿರ ಏನು ಕೇಳಬೇಕು?

ಗಂಟಲಿನಿಂದ ಸಣ್ಣ ಕ್ಯಾಮೆರಾದ ಕೊಳವೆ ಇಳಿಸಿ ನೋಡುವುದೇ ಎಂಡೋಸ್ಕೊಪಿ. ಈ ಕಾಯಿಲೆಯಲ್ಲಿ ಅನ್ನನಾಳದಲ್ಲಿ ಬಳೆ ಬಳೆಯಂಥ ಸುತ್ತುಗಳು, ಉದ್ದುದ್ದ ಗೀರು, ಬಿಳಿಯ ಚುಕ್ಕೆಗಳು ಕಾಣಬಹುದು. ಆದರೆ ಕೆಲವರಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ನೋಡಿ ಬಂದರೆ ಸಾಲದು. ಬೇರೆ ಬೇರೆ ಕಡೆಯಿಂದ ಕಡೆಯ ಪಕ್ಷ ಆರು ಚೂರು ತೆಗೆದು, ಅಂದರೆ ಬಯಾಪ್ಸಿ ಮಾಡಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಒಂದು ನೋಟದಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್ ಕಂಡು, ಅದಕ್ಕೆ ಬೇರೆ ಕಾರಣ ಇಲ್ಲವೆಂದು ಖಾತ್ರಿಯಾದರೆ ಕಾಯಿಲೆ ನಿಶ್ಚಯ. ಚೂರು ತೆಗೆಯುವಾಗ ನೋವಾಗುವುದಿಲ್ಲ.

ಜಠರ-ಕರುಳಿನ ತಜ್ಞರಲ್ಲಿಗೆ ಹೋದಾಗ ಸಂಕೋಚಪಡದೆ ಮೂರು ಮಾತು ಹೇಳಿ, ಕೇಳಿ. ಒಂದು: “ತುತ್ತು ಸಿಕ್ಕಿಕೊಳ್ಳುತ್ತದೆ.” ಬರೀ ‘ಗ್ಯಾಸ್ಟ್ರಿಕ್’ ಎಂದರೆ ಅವರಿಗೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ಎರಡು: “ನೋಡುವಾಗ ಅನ್ನನಾಳದ ಚೂರನ್ನೂ ತೆಗೆದು ಪರೀಕ್ಷೆಗೆ ಕಳಿಸುತ್ತೀರಾ?” ಮೂರು: “ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಎಂಡೋಸ್ಕೊಪಿಗೆ ಮುಂಚೆ ನಿಲ್ಲಿಸಬೇಕೆ?” ಮಾತ್ರೆಯ ಕಾರಣದಿಂದ ಕೆಲವೊಮ್ಮೆ ಕಣಗಳು ಕಡಿಮೆಯಾಗಿ ಕಾಯಿಲೆ ಮರೆಯಾಗಬಹುದು. ಅದಕ್ಕೇ ಈ ಪ್ರಶ್ನೆ.

ರಕ್ತದಲ್ಲಿ ಇಯೊಸಿನೊಫಿಲ್ ಸರಿಯಾಗಿದೆ ಎಂಬುದರಿಂದಲೇ ಕಾಯಿಲೆ ಇಲ್ಲವೆನ್ನಲು ಬರುವುದಿಲ್ಲ. ಹಾಗೆಯೇ ಚರ್ಮಕ್ಕೆ ಚುಚ್ಚಿ ಅಥವಾ ರಕ್ತ ತೆಗೆದು ಮಾಡುವ ದುಬಾರಿ ಅಲರ್ಜಿ ಪರೀಕ್ಷೆಗಳು ಈ ಕಾಯಿಲೆಗೆ ಯಾವ ಆಹಾರ ಕಾರಣವೆಂದು ನಂಬಿಕೆಯಾಗಿ ಹೇಳಲಾರವು. ಹಣ ತೆರುವ ಮುಂಚೆ ತಜ್ಞರನ್ನು ಕೇಳಿ.

ಹಾಲಿನ ಲೋಟದ ಮಾತು

ಈಗ ಆ ಹಾಲಿನ ಲೋಟಕ್ಕೆ ಬರೋಣ. ಎದೆಯುರಿ ಬಂದರೆ ತಣ್ಣನೆಯ ಹಾಲು ಕೊಡುವುದು ನಮ್ಮ ಅಜ್ಜಿಯರ ಕಾಲದ ರೂಢಿ. ಕುಡಿದ ಕ್ಷಣ ಹಾಯೆನಿಸುವುದೂ ನಿಜ. ಆದರೆ ಈ ಕಾಯಿಲೆಯನ್ನು ಕೆರಳಿಸುವ ಆಹಾರಗಳಲ್ಲಿ ಮೊದಲ ಹೆಸರೇ ಹಾಲಿನದು! ಆಮೇಲೆ ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ-ಗೋಡಂಬಿಯಂಥ ಕಾಯಿಬೀಜಗಳು, ಮೀನು-ಸೀಗಡಿ ಬರುತ್ತವೆ. ಇವೇ ಆ ಆರು ಆಹಾರಗಳು. ಮೆಣಸಿನಕಾಯಿಯ ಹೆಸರು ಇದರಲ್ಲಿಲ್ಲ, ಹುಣಸೆಹಣ್ಣಿನದೂ ಇಲ್ಲ. ನಾಲ್ಕು ವರ್ಷ ನನ್ನ ಗೆಳತಿ ತಪ್ಪಿತಸ್ಥಳಂತೆ ತಲೆ ತಗ್ಗಿಸಿದ್ದು ಖಾರಕ್ಕಾಗಿ. ಮಗನಿಗೆ ಒಗ್ಗದಿದ್ದದ್ದು ಅವಳು ಪ್ರೀತಿಯಿಂದ ಕೊಡುತ್ತಿದ್ದ ಹಾಲು. ಹಾಗೆಂದು ಅದು ಅವಳ ತಪ್ಪೇ? ಅಲ್ಲವೇ ಅಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ.

2006ರಲ್ಲಿ ಷಿಕಾಗೋದ ವೈದ್ಯರು ಈ ಆರೂ ಆಹಾರಗಳನ್ನು ಒಟ್ಟಿಗೆ ಬಿಡಿಸುವ ಪಥ್ಯವನ್ನು ಮಕ್ಕಳಲ್ಲಿ ಪ್ರಯೋಗಿಸಿ ಗುಣ ಕಂಡರು. ಆದರೆ ಆರನ್ನೂ ಬಿಟ್ಟು ಬದುಕುವುದು ಸುಲಭವೆ? ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 129 ವಯಸ್ಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲು ಮಾತ್ರ ಬಿಡಿಸಿದರು, ಇನ್ನೊಂದಕ್ಕೆ ಆರನ್ನೂ ಬಿಡಿಸಿದರು. ಆರು ವಾರದ ನಂತರ ಹಾಲು ಬಿಟ್ಟವರಲ್ಲಿ ನೂರಕ್ಕೆ 34, ಆರೂ ಬಿಟ್ಟವರಲ್ಲಿ ನೂರಕ್ಕೆ 40 ಮಂದಿಯ ಅನ್ನನಾಳ ಸರಿಹೋಗಿತ್ತು. ಅಷ್ಟೇ ವ್ಯತ್ಯಾಸ! ಆದ್ದರಿಂದ ಈಗ ಅನೇಕ ವೈದ್ಯರು ಹಾಲೊಂದನ್ನೇ ಮೊದಲು ಬಿಡಿಸಿ ನೋಡುತ್ತಾರೆ. ಆದರೆ ಇನ್ನೊಂದು ಮುಖವನ್ನೂ ನೋಡಿ. ಹಾಲು ಬಿಟ್ಟರೂ ಮೂವರಲ್ಲಿ ಇಬ್ಬರಿಗೆ ಅದರಿಂದಲೇ ಗುಣವಾಗುವುದಿಲ್ಲ.

ಚಿಕಿತ್ಸೆ ಏನು?

ಪಥ್ಯವೊಂದೇ ದಾರಿಯಲ್ಲ. ಆಮ್ಲದ ಮಾತ್ರೆಯನ್ನೇ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಕ್ರಮದಲ್ಲಿ ಕೊಟ್ಟಾಗ ಈ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಗುಣ ಕಾಣುತ್ತದೆ. ಮಾತ್ರೆ ನಾಟಿದರೆ ಅದು ಬರೀ ಆಮ್ಲದ ಕಾಯಿಲೆ ಎಂದು ಹಿಂದೆ ತಿಳಿಯುತ್ತಿದ್ದರು. 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಆ ನಿಯಮವನ್ನು ಕೈಬಿಟ್ಟರು. ಎರಡೂ ಒಬ್ಬರಲ್ಲೇ ಇರಬಹುದು.

ಮಾತ್ರೆ ಸಾಲದಿದ್ದರೆ ಉಬ್ಬಸಕ್ಕೆ ಕೊಡುವ ಬ್ಯುಡೆಸೊನೈಡ್, ಫ್ಲುಟಿಕಸೋನ್ ಎಂಬ ಔಷಧಿಗಳನ್ನೇ ಕೊಡುತ್ತಾರೆ. ಉಸಿರಿನೊಂದಿಗೆ ಎಳೆದುಕೊಳ್ಳಲು ಅಲ್ಲ, ನುಂಗಲು. ಕೆಲವರಿಗೆ ಜೇನುತುಪ್ಪದಂಥ ಮಂದ ಪದಾರ್ಥದಲ್ಲಿ ಕಲಸಿ ನೆಕ್ಕಲು ಹೇಳುತ್ತಾರೆ, ಅನ್ನನಾಳದ ಗೋಡೆಗೆ ಲೇಪವಾಗಲಿ ಎಂದು. (ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೂಡದು.) ಅದಾದ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬೆಳ್ಳಗೆ ಅಗ್ರ ಕಟ್ಟಬಹುದು. ಇದಕ್ಕೆಂದೇ ತಯಾರಾದ ಬ್ಯುಡೆಸೊನೈಡ್ ಮಾತ್ರೆಗೆ ಯೂರೋಪಿನಲ್ಲಿ 2018ರಲ್ಲಿ, ಡುಪಿಲುಮಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ದೊರೆಯಿತು. ಕೊಳವೆ ಈಗಾಗಲೇ ಕಿರಿದಾಗಿದ್ದರೆ ಎಂಡೋಸ್ಕೊಪಿಯ ಮೂಲಕವೇ ನಿಧಾನವಾಗಿ ಹಿಗ್ಗಿಸುತ್ತಾರೆ.

ಯಾವ ಚಿಕಿತ್ಸೆಯಾದರೂ ಕೆಲವು ವಾರಗಳ ನಂತರ ಮತ್ತೆ ಎಂಡೋಸ್ಕೊಪಿ ಮಾಡಿ ನೋಡಬೇಕಾಗುತ್ತದೆ. “ಈಗ ಚೆನ್ನಾಗಿದೀನಿ” ಎಂದು ತಪ್ಪಿಸಿಕೊಳ್ಳಲು ಬಿಡಬೇಡಿ. ಮೇಲೆ ಸಮಾಧಾನ ಕಂಡರೂ ಒಳಗೆ ಬಾವು ಉಳಿದಿರಬಹುದು. ಇದು ಒಮ್ಮೆ ಹೋಗಿ ಮರೆತುಬಿಡುವ ಕಾಯಿಲೆಯಲ್ಲ. ಔಷಧಿಯನ್ನೋ ಪಥ್ಯವನ್ನೋ ಬಿಟ್ಟರೆ ಸಾಮಾನ್ಯವಾಗಿ ಮರಳಿ ಬರುತ್ತದೆ.

ಹಾಲು ಬಿಡಿ ಎಂದು ಡಾಕ್ಟರು ಹೇಳಿದರೆ

ಮೊದಲೇ ಒಂದು ಎಚ್ಚರಿಕೆ ಹೇಳುತ್ತೇನೆ. ಈ ಲೇಖನ ಓದಿ ನಾಳೆಯಿಂದಲೇ ಮನೆಯಲ್ಲಿ ಹಾಲು ನಿಲ್ಲಿಸಬೇಡಿ. ಪರೀಕ್ಷೆಗೆ ಮುಂಚೆಯೇ ಬಿಟ್ಟರೆ ಕಾಯಿಲೆ ಪತ್ತೆಯಾಗದೆ ಹೋಗಬಹುದು. ಅದರಲ್ಲೂ ಬೆಳೆಯುವ ಮಕ್ಕಳಿಗೆ ಹಾಲು, ಗೋಧಿ, ಮೊಟ್ಟೆ ತಪ್ಪಿಸುವುದು ತಜ್ಞರ ಮಾತಿಲ್ಲದೆ ಆಗಬಾರದು.

ಡಾಕ್ಟರು ಹೇಳಿದ ಮೇಲೆ ಅರೆಬರೆ ಮಾಡಬಾರದು. ಹಾಲು ಬಿಡುವುದೆಂದರೆ ಕಾಫಿಯ ಹಾಲಷ್ಟೇ ಅಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ಪನೀರು, ಖೋವಾ, ಪೇಡ ಎಲ್ಲವೂ ಸೇರಿತು. ತುಪ್ಪದ ವಿಚಾರವನ್ನು ಬಿಡಿಸಿ ಕೇಳಿಕೊಳ್ಳಿ. ಹಸುವಿನ ಹಾಲಿನ ಬದಲು ಎಮ್ಮೆ ಹಾಲು, ಮೇಕೆ ಹಾಲು, ನಾಟಿ ಹಸುವಿನ ಹಾಲು ಕೊಟ್ಟರೆ ಆದೀತೆಂದು ತಿಳಿಯಬೇಡಿ, ಅವೂ ಹಾಲೇ. ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟಿನ ಪೊಟ್ಟಣದ ಹಿಂದೆ ಹಾಲಿನ ಪುಡಿಯ ಹೆಸರಿದೆಯೇ ಓದಿ.

ಗೋಧಿ ಬಿಡಿ ಎಂದರೆ ಚಪಾತಿಯ ಜೊತೆ ಉಪ್ಪಿಟ್ಟಿನ ರವೆ, ಕೇಸರಿಭಾತು, ಶಾವಿಗೆ, ಹೋಳಿಗೆಯ ಕಣಕದ ಮೈದಾ ಕೂಡ ಹೋಯಿತು. ಡಬ್ಬಿಯಲ್ಲಿ ಬರುವ ಇಂಗಿನಲ್ಲೂ ಅನೇಕ ವೇಳೆ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಹಾಗಾದರೆ ಏನು ಮಾಡಿ ಹಾಕುವುದು ಎಂದು ತಲೆಯ ಮೇಲೆ ಕೈಹೊತ್ತು ಕೂರಬೇಡಿ. ನಮ್ಮ ಸೀಮೆಯ ಅಡುಗೆಯೇ ನಮ್ಮನ್ನು ಕಾಯುತ್ತದೆ. ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ಮುದ್ದೆ, ನೀರುದೋಸೆ, ಇಡ್ಲಿ, ಕಡುಬು, ಇವುಗಳಲ್ಲಿ ಹಾಲೂ ಇಲ್ಲ, ಗೋಧಿಯೂ ಇಲ್ಲ. ರೊಟ್ಟಿಯನ್ನು ಮೊದಮೊದಲು ಮೆತ್ತಗೆ ತಟ್ಟಿ, ಸಾರಿನಲ್ಲಿ ನೆನೆಸಿ ಕೊಡಿ. ಹಬ್ಬಕ್ಕೆ ಹೆಸರುಬೇಳೆ ಪಾಯಸವನ್ನು ಬೆಲ್ಲ, ತೆಂಗಿನಕಾಯಿ ಹಾಲಿನಲ್ಲಿ ಮಾಡಿ. ಹಸುವಿನ ಹಾಲಿನ ನೆನಪೂ ಬರುವುದಿಲ್ಲ. ಹಾಲು ಬಿಟ್ಟಾಗ ಸುಣ್ಣದಂಶ ಕಡಿಮೆಯಾಗಬಾರದಲ್ಲ? ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಆದರೆ ಸಸ್ಯಾಹಾರಿಗಳಿಗೆ ಬಿ-12 ಜೀವಸತ್ವ ಸಿಗುವುದು ಮುಖ್ಯವಾಗಿ ಹಾಲು-ಮೊಸರಿನಿಂದ. ಅದಕ್ಕೆ ಬೇರೆ ಮಾತ್ರೆ ಬೇಕೇ ಎಂದು ಡಾಕ್ಟರನ್ನು ಮರೆಯದೆ ಕೇಳಿ.

ತುತ್ತು ಸಿಕ್ಕಿಕೊಂಡರೆ

ಈ ಭಾಗವನ್ನು ಮನೆಯವರಿಗೆಲ್ಲ ಓದಿಹೇಳಿ. ಎದೆಯಲ್ಲಿ ತುತ್ತು ನಿಂತು ಉಗುಳೂ ಇಳಿಯದಿದ್ದರೆ ಬಾಳೆಹಣ್ಣು, ಅನ್ನದ ಉಂಡೆ, ಸೋಡಾ ಏನನ್ನೂ ಕೊಡಬೇಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನೆಟ್ಟಗೆ ಕೂರಿಸಿ, ಉಗುಳನ್ನು ಹೊರಗೆ ಉಗುಳಲು ಹೇಳಿ, ಎಂಡೋಸ್ಕೊಪಿ ಇರುವ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ಮಾತೇ ಹೊರಡದೆ, ಕೆಮ್ಮಲೂ ಆಗದೆ, ಉಸಿರು ಕಟ್ಟಿದರೆ ಅದು ಬೇರೆ, ಉಸಿರುನಾಳಕ್ಕೆ ಅಡ್ಡಬಿದ್ದಿದೆ. ದೊಡ್ಡವರನ್ನು ಕೂಡಲೇ ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಎದೆನೋವಿನ ಜೊತೆ ಬೆವರು, ಎಡಗೈಗೋ ದವಡೆಗೋ ಹಬ್ಬುವ ನೋವು ಇದ್ದರೆ ಗ್ಯಾಸ್ಟ್ರಿಕ್ ಎಂದು ಕೂರದೆ ಹೃದಯದ ಪರೀಕ್ಷೆ ಮಾಡಿಸಿ. ಮೈ ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ, ಐವತ್ತು ದಾಟಿದವರಲ್ಲಿ ಹೊಸದಾಗಿ ನುಂಗಲು ಕಷ್ಟ, ಇವು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಒಂದು ದಿನವೂ ಮುಂದೂಡಬೇಡಿ.

ಮತ್ತೆ ಒಗ್ಗರಣೆಯ ಘಮ

ಗೆಳತಿಯ ಮಗನಿಗೆ ಡಾಕ್ಟರು ಮೊದಲು ಹಾಲು ಬಿಡಿಸಿದರು. ಎರಡು ತಿಂಗಳ ಮೇಲೆ ಮತ್ತೆ ಚೂರು ತೆಗೆದು ನೋಡಿದಾಗ ಆ ಕಣಗಳು ಬಹಳ ಕಡಿಮೆಯಾಗಿದ್ದವು. ಮೂವರಲ್ಲಿ ಒಬ್ಬರಿಗೆ ಸಿಗುವ ಅದೃಷ್ಟ ಅವನದಾಯಿತು. ಈಗಲೂ ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಾನೆ. ಮಾಂಸವನ್ನು ಸಣ್ಣಗೆ ಹೆಚ್ಚಿಸಿಕೊಂಡು, ಚೆನ್ನಾಗಿ ಅಗಿದೇ ತಿನ್ನುತ್ತಾನೆ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಒಗ್ಗರಣೆಯ ಘಮ ಮೂಗಿಗೆ ಬಡಿಯಿತು. ಅತ್ತೆ ಜಗಲಿಯ ಮೇಲೆ ಕೂತು, “ನಮ್ಮ ಸೊಸೆ ಸಾರು ಬಾಳ ಚೆನ್ನಾಗಿ ಮಾಡ್ತಾಳಮ್ಮ, ಉಂಡುಕೊಂಡೇ ಹೋಗು” ಎಂದರು. ಒಳಗೆ ಹೋದೆ. ಗೆಳತಿ ನನ್ನ ಮುಖ ನೋಡಿ ನಕ್ಕಳು. ಅವಳ ಮಗ ನಮ್ಮ ಜೊತೆಗೇ ಕೂತು ಮುದ್ದೆ ಉಂಡ, ನಮ್ಮ ಜೊತೆಗೇ ಎದ್ದು ಕೈ ತೊಳೆದ.

ಇಂದು ರಾತ್ರಿ ಬಡಿಸುವಾಗ ನೀವೂ ಒಮ್ಮೆ ಗಮನಿಸಿ. ಎಲ್ಲರಿಗಿಂತ ಕೊನೆಗೆ ಏಳುವವರನ್ನು ರೇಗಬೇಡಿ. ಪಕ್ಕದಲ್ಲಿ ಕೂತು, “ತುತ್ತು ಸರಿಯಾಗಿ ಇಳಿಯುತ್ತಾ?” ಎಂದು ಒಂದು ಮಾತು ಕೇಳಿ.